ದೂರ ದೇಶದ ಕೆಲಸ, ನಮ್ಮೂರ ಹುಡುಗರು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಓದಿರುವುದು ಎಸ್.ಎಸ್.ಎಲ್.ಸಿ. ಮಾತ್ರ. ರಾಗಿ, ಹಸು, ದ್ರಾಕ್ಷಿ ತೋಟದ ಬಗ್ಗೆ ಮಾತಾಡು ಅಂದಿದ್ದರೆ ಹೆದರಿಕೆ ಇರಲಿಲ್ಲ. ಆದರೆ ಬೆಳ್ಳಿಹಬ್ಬದ ಸಮಿತಿಯವರು, "ನಿನ್ನ ತಮ್ಮ ಜರ್ಮನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾನಲ್ಲ, ಅದರ ವಿಚಾರ ಹೇಳು, ಹುಡುಗರು ದಿನಾ ಕೇಳ್ತಾರೆ" ಎಂದು ಅಪ್ಪಣೆ ಮಾಡಿದ್ದಾರೆ. ತಮ್ಮನಿಂದ ಕೇಳಿ ತಿಳಿದದ್ದನ್ನು ಮತ್ತು ನಾನು ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಇಡುತ್ತೇನೆ.

ನಮ್ಮ ಸಂಘ ಆರಂಭವಾದದ್ದು 2000ನೇ ಇಸವಿಯಲ್ಲಿ. ಮೊದಲ ದಿನ ಒಂದು ಕ್ಯಾನು ಪೂರ್ತಿ ತುಂಬಲಿಲ್ಲ ಎಂಬುದು ಹಿರಿಯರಿಗೆ ನೆನಪಿದೆ. ಅದೇ 2000ನೇ ಇಸವಿ ಆಗಸ್ಟ್ 1ರಿಂದ ಜರ್ಮನಿ ಸರ್ಕಾರ "ಗ್ರೀನ್ ಕಾರ್ಡ್" ಎಂಬ ಯೋಜನೆ ತಂದಿತು. ತಮ್ಮಲ್ಲಿ ಕಂಪ್ಯೂಟರ್ ಬಲ್ಲವರು ಸಾಲದು, ಹೊರದೇಶದಿಂದ 20,000 ಜನ ಬರಲಿ ಎಂದು ಆಗಿನ ಅವರ ಚಾನ್ಸಲರ್ ಶ್ರೋಡರ್ ಅವರು ಕರೆದರು. ಅಲ್ಲಿನ ಕೆಲವರಿಗೆ ಇದು ಹಿಡಿಸಲಿಲ್ಲ. ಭಾರತದವರ ಬದಲು ನಮ್ಮ ಮಕ್ಕಳಿಗೇ ಕಲಿಸಿ ಎಂದು ಒಂದು ಚುನಾವಣೆಯಲ್ಲಿ ಘೋಷಣೆಯೂ ಆಯಿತು. ಆ ಯೋಜನೆ 2004ಕ್ಕೆ ಮುಗಿಯಿತು. ನಂತರ 2012ರಲ್ಲಿ "ಬ್ಲೂ ಕಾರ್ಡ್" ಬಂತು. ನನ್ನ ತಮ್ಮ 2016ರಲ್ಲಿ ಹೋದದ್ದು ಈ ಬ್ಲೂ ಕಾರ್ಡಿನ ಮೇಲೆ.

ನಮ್ಮಪ್ಪನಿಗೆ ನಾವಿಬ್ಬರೇ ಗಂಡು ಮಕ್ಕಳು. ನಾನು ಎಸ್.ಎಸ್.ಎಲ್.ಸಿ. ಆದ ಮೇಲೆ ಜಮೀನಿಗೆ ಇಳಿದೆ. ತಮ್ಮ ಓದಿದ. ಅವನ ಇಂಜಿನಿಯರಿಂಗ್ ಫೀಜು ಕಟ್ಟಿದ್ದು ಈ ಡೈರಿಯ ಹದಿನೈದು ದಿನದ ಬಟವಾಡೆಯಿಂದ, ಮಿಕ್ಕದ್ದು ಬ್ಯಾಂಕ್ ಸಾಲದಿಂದ. 2009ರಲ್ಲಿ ಮುಗಿಸಿ ಬೆಂಗಳೂರಿನಲ್ಲೇ ಆರು ವರ್ಷ ಕೆಲಸ ಮಾಡಿದ, ಆಮೇಲೆ ಹೊರಟ. ಅವತ್ತು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಒಂದು ಟೆಂಪೋ ಜನ ಹೋಗಿದ್ದೆವು.

ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಗುಣಾಕಾರ. ಅವನ ಸಂಬಳ ಇಷ್ಟು ಯೂರೋ, ಒಂದು ಯೂರೋಗೆ ಇಷ್ಟು ರೂಪಾಯಿ ಅಂತ ಗುಣಿಸಿ ಅರಳಿಕಟ್ಟೆ ಮೇಲೆ ಹೇಳಿದೆ. ಕೇಳಿದವರು ಮೂಗಿನ ಮೇಲೆ ಬೆರಳಿಟ್ಟರು. ಆದರೆ ನಾನು ಕಳೆಯುವ ಲೆಕ್ಕ ಮಾಡಲಿಲ್ಲ. ಅಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲಾ ಹಿಡಿದುಕೊಂಡೇ ಸಂಬಳ ಕೊಡುವುದು. ಒಂಟಿ ಹುಡುಗನಿಗೆ ಸುಮಾರು ಮೂರರಲ್ಲಿ ಒಂದು ಭಾಗ ಕೈಗೆ ಬರುವ ಮುಂಚೆಯೇ ಹೋಗುತ್ತದೆ. ಮಿಕ್ಕದ್ದರಲ್ಲಿ ಮನೆ ಬಾಡಿಗೆ ದೊಡ್ಡ ಪಾಲು ತಿನ್ನುತ್ತದೆ. ಮನೆಗೆ ಸೇರುವಾಗ ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳಬಹುದು. ಹಾಗಂತ ಹಿಡಿದುಕೊಂಡ ದುಡ್ಡು ದಂಡವಲ್ಲ. ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ವಿಮೆ ನೋಡಿಕೊಳ್ಳುತ್ತದೆ. ಆದರೆ ಅದನ್ನು ಊರಿಗೆ ಕಳಿಸುವುದಕ್ಕೆ ಆಗುವುದಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. 2017ರ ಬೇಸಿಗೆಯಲ್ಲಿ ನಮ್ಮ ಕೊಳವೆ ಬಾವಿ ಬತ್ತಿತು. ಹಸುಗಳಿಗೆ ಮೇವಿಲ್ಲ, ದ್ರಾಕ್ಷಿ ಬಳ್ಳಿ ಒಣಗುತ್ತಿತ್ತು. ತಮ್ಮನಿಗೆ ಫೋನ್ ಮಾಡಿ, "ಹೊಸ ಬೋರ್ ಕೊರೆಸಬೇಕು, ದುಡ್ಡು ಕಳಿಸು" ಅಂದೆ. ಒಂದು ನಿಮಿಷ ಸುಮ್ಮನಿದ್ದ. "ಆಗಲಿ ಅಣ್ಣ" ಅಂದ. ವಾರದಲ್ಲಿ ದುಡ್ಡು ಬಂತು. ಬೋರ್ 1,100 ಅಡಿ ಹೋಯಿತು, ಬಂದದ್ದು ಧೂಳು. ನಾನು ಮತ್ತೆ ಫೋನ್ ಮಾಡಿ ನೀರು ಬರಲಿಲ್ಲ ಎಂದು ಹೇಳಿದೆನೇ ಹೊರತು, ನೀನು ಹೇಗಿದ್ದೀಯಪ್ಪ ಎಂದು ಕೇಳಲಿಲ್ಲ.

ಎರಡು ವರ್ಷದ ಮೇಲೆ ಊರಿಗೆ ಬಂದಾಗ, ರಾತ್ರಿ ಕೊಟ್ಟಿಗೆ ಮುಂದೆ ಕೂತು ಹೇಳಿದ. ನಾನು ದುಡ್ಡು ಕೇಳಿದ ತಿಂಗಳು ಅವನಿಗೆ ಕೆಲಸವೇ ಇರಲಿಲ್ಲ. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳವರೆಗೆ ಪರೀಕ್ಷಾ ಅವಧಿ ಇರುತ್ತದೆ. ಆ ಅವಧಿಯಲ್ಲಿ ಎರಡು ವಾರದ ನೋಟೀಸು ಕೊಟ್ಟು ಬಿಡಿಸಬಹುದು. ಐದನೇ ತಿಂಗಳಲ್ಲಿ ಇವನನ್ನು ಬಿಡಿಸಿದ್ದರು. ವೀಸಾ ಕೆಲಸಕ್ಕೆ ಗಂಟು ಬಿದ್ದಿರುತ್ತದೆ. ಕೆಲಸ ಹೋದರೆ ಬೇರೆ ಹುಡುಕಲು ಕೆಲವೇ ತಿಂಗಳು ಸಮಯ. ಆ ಸಮಯಕ್ಕೆ ಅಂತ ಇಟ್ಟುಕೊಂಡಿದ್ದ ದುಡ್ಡನ್ನೇ ನನಗೆ ಕಳಿಸಿ, ಸಾಲ ಮಾಡಿ ಒಂದು ಕೋಣೆಯಲ್ಲಿ ಇಬ್ಬರ ಜೊತೆ ಇದ್ದನಂತೆ. "ಯಾಕೋ ಹೇಳಲಿಲ್ಲ?" ಅಂದೆ. "ನೀನು ಓದು ಬಿಟ್ಟು ನನ್ನನ್ನು ಓದಿಸಿದೆ. ಇಲ್ಲ ಅಂತ ಹೇಗೆ ಹೇಳಲಿ ಅಣ್ಣ?" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೆಲಸ ಹೋದದ್ದಕ್ಕೂ ಇದೇ ಗುಣವೇ ಕಾರಣ ಎಂದು ಅವನೇ ಹೇಳಿದ. ಮೇಲಿನವರು ಇಷ್ಟು ದಿನದಲ್ಲಿ ಆಗುತ್ತಾ ಎಂದು ಕೇಳಿದರೆ, ಆಗದಿದ್ದರೂ "ಆಗುತ್ತೆ" ಅನ್ನುವುದು ನಮ್ಮ ಕಡೆಯ ಅಭ್ಯಾಸ. ಅದು ಮರ್ಯಾದೆ ಅಂದುಕೊಂಡಿದ್ದೇವೆ. ಅವನು ಸೇರಿದ್ದ ಕಡೆ ಆಗುತ್ತೆ ಅಂದರೆ ಆಗಲೇಬೇಕು. ಆಗದಿದ್ದರೆ ಮೊದಲ ದಿನವೇ ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ. ಇವನು ತೊಡಕನ್ನು ಮುಚ್ಚಿಟ್ಟುಕೊಂಡು ರಾತ್ರಿಯೆಲ್ಲಾ ದುಡಿದ, ಕೊನೆಗೆ ಗಡುವು ತಪ್ಪಿತು.

ಎರಡನೇ ಕೆಲಸ ನ್ಯೂರೆಂಬರ್ಗ್ ಎಂಬ ಊರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಸಿಕ್ಕಿತು. ಅಲ್ಲಿ ಕೆಲಸ ಹೀಗೆ ನಡೆಯುತ್ತದಂತೆ: ಬೆಳಿಗ್ಗೆ ಹದಿನೈದು ನಿಮಿಷ ಎಲ್ಲರೂ ಸೇರಿ, ನಿನ್ನೆ ಏನು ಮಾಡಿದೆ, ಇವತ್ತು ಏನು, ತೊಡಕು ಏನು ಎಂದು ಹೇಳುತ್ತಾರೆ. ಒಬ್ಬ ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ಓದಿ ಒಪ್ಪಿದ ಮೇಲೆಯೇ ಒಳಗೆ ಸೇರಿಸುವುದು. ಎಷ್ಟೇ ಹಿರಿಯನಾದರೂ ಇದು ತಪ್ಪುವುದಿಲ್ಲ. ನಮ್ಮ ಡೈರಿಯಲ್ಲಿ ಅಧ್ಯಕ್ಷರ ಮನೆ ಹಾಲಾದರೂ ಲ್ಯಾಕ್ಟೋಮೀಟರ್ ಇಟ್ಟು ನೋಡುವುದಿಲ್ಲವೇ, ಹಾಗೆ. ತೊಡಕನ್ನು ಮೊದಲೇ ಹೇಳುವುದನ್ನು ಕಲಿತ ಮೇಲೆ ಅವನು ಮೇಲೆ ಬಂದ. ಜೊತೆಗೆ ಜರ್ಮನ್ ಭಾಷೆ ಕಲಿತ. ಕಂಪ್ಯೂಟರ್ ಕೆಲಸಕ್ಕೆ ಇಂಗ್ಲಿಷ್ ಸಾಕಾಗಬಹುದು, ಆದರೆ ಗಿರಾಕಿ ಜೊತೆ ಮಾತಾಡಲು, ಹತ್ತು ಜನರ ತಂಡ ನಡೆಸಲು, ಸರ್ಕಾರಿ ಕಚೇರಿಯ ಕಾಗದ ಓದಲು ಅವರ ಭಾಷೆಯೇ ಬೇಕು. ಬ್ಲೂ ಕಾರ್ಡಿನವರು ಭಾಷೆಯ ಬಿ-1 ಹಂತ ಪಾಸು ಮಾಡಿದರೆ 21 ತಿಂಗಳಿಗೆ, ಎ-1 ಮಾತ್ರ ಮಾಡಿದ್ದರೆ 27 ತಿಂಗಳಿಗೆ, ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈ ಭಾಷೆ ಕಲಿಸುತ್ತಾರೆ. ಹೋಗುವ ಮುಂಚೆಯೇ ಕಲಿಯಿರಿ ಎಂಬುದು ತಮ್ಮನ ಮಾತು.

ಅದೇ ನ್ಯೂರೆಂಬರ್ಗ್ ಊರಿನಲ್ಲಿ ಡೇಟೆವ್ ಎಂಬ ದೊಡ್ಡ ಸಾಫ್ಟ್‌ವೇರ್ ಸಂಸ್ಥೆ ಇದೆ. ಅದು 1966ರಲ್ಲಿ ತೆರಿಗೆ ಲೆಕ್ಕ ನೋಡುವವರು ಸೇರಿ ಕಟ್ಟಿದ ಸಹಕಾರ ಸಂಘ! ಒಬ್ಬೊಬ್ಬರೇ ಕಂಪ್ಯೂಟರ್ ಕೊಳ್ಳಲಾಗದ ಕಾಲದಲ್ಲಿ ಎಲ್ಲರೂ ಕೂಡಿ ಸಂಘ ಮಾಡಿಕೊಂಡರು. ಸಹಕಾರದ ತವರೂ ಆ ಕಡೆಯೇ. ಜರ್ಮನಿಯ ರೈಫೈಸನ್ ಅವರು ರೈತರ ಸಾಲದ ಸಂಘಗಳನ್ನು ಕಟ್ಟಿದ್ದನ್ನು ನೋಡಿಯೇ ನಮ್ಮಲ್ಲಿ 1904ರ ಕಾಯಿದೆ ಬಂತು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಆದ್ದರಿಂದ ನಾವು ಆ ದೇಶಕ್ಕೆ ತೀರಾ ಹೊಸಬರಲ್ಲ.

ಈಗ ಹೋಗಬೇಕೆನ್ನುವ ಹುಡುಗ ಹುಡುಗಿಯರಿಗೆ ಕೆಲವು ಮಾತು. ಬ್ಲೂ ಕಾರ್ಡಿಗೆ ಮೊದಲು ಅಲ್ಲಿಯ ಕಂಪನಿಯ ಕೆಲಸದ ಕರಾರು ಕೈಯಲ್ಲಿರಬೇಕು. ಸಂಬಳಕ್ಕೆ ಕನಿಷ್ಠ ಮಿತಿ ಇದೆ, ವರ್ಷ ವರ್ಷ ಬದಲಾಗುತ್ತದೆ. 2025ರಲ್ಲಿ ಕಂಪ್ಯೂಟರ್ ಕೆಲಸದವರಿಗೆ ಅದು ವರ್ಷಕ್ಕೆ ಸುಮಾರು 43,760 ಯೂರೋ ಇತ್ತು. ನಿಮ್ಮ ಕಾಲೇಜಿನ ಡಿಗ್ರಿ ಅಲ್ಲಿ ನಡೆಯುತ್ತದೆಯೇ ಎಂಬುದನ್ನು "ಅನಾಬಿನ್" ಎಂಬ ಅವರ ಪಟ್ಟಿಯಲ್ಲಿ ಕಾಸಿಲ್ಲದೆ ನೋಡಬಹುದು. 2023ರ ನವೆಂಬರಿನಿಂದ ಡಿಗ್ರಿ ಇಲ್ಲದಿದ್ದರೂ, ಹಿಂದಿನ ಏಳು ವರ್ಷದಲ್ಲಿ ಮೂರು ವರ್ಷ ಈ ಕೆಲಸದ ಒಳ್ಳೆಯ ಅನುಭವ ಇದ್ದವರಿಗೂ ದಾರಿ ತೆರೆದಿದೆ. ವೀಸಾ ಅರ್ಜಿಯ ಸರ್ಕಾರಿ ಶುಲ್ಕ 75 ಯೂರೋ. ಕೆಲಸಕ್ಕೆ ಕಳಿಸುವ ಏಜೆಂಟರು ನಮ್ಮ ದೇಶದ 1983ರ ವಲಸೆ ಕಾಯಿದೆ ಪ್ರಕಾರ ನೋಂದಾಯಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. ಪಕ್ಕದೂರಿನ ಒಬ್ಬ ರೈತರು ಮಗನಿಗಾಗಿ ಅರ್ಧ ಎಕರೆ ಮಾರಿ ಒಬ್ಬ ಏಜೆಂಟನ ಕೈಗೆ ಹಾಕಿದರು. ಹುಡುಗನಿಗೆ ಸಿಕ್ಕಿದ್ದು ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ. ಅರ್ಧ ಎಕರೆ ತಿರುಗಿ ಬರಲಿಲ್ಲ.

ಜಮೀನಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಕಾನೂನು ಒಪ್ಪುವುದಿಲ್ಲ. ಆದರೆ ತಂದೆ ತಾಯಿಯಿಂದ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. 2024ರಿಂದ ಜರ್ಮನಿಯಲ್ಲಿ ಐದು ವರ್ಷ ಇದ್ದವರು ಅಲ್ಲಿಯ ಪೌರತ್ವ ಕೇಳಬಹುದು, ಹಳೆಯದನ್ನು ಬಿಡಬೇಕೆಂದು ಅವರು ಒತ್ತಾಯಿಸುವುದಿಲ್ಲ. ನಮ್ಮ ದೇಶ ಮಾತ್ರ ಎರಡು ಪೌರತ್ವ ಒಪ್ಪುವುದಿಲ್ಲ. ಅದನ್ನು ತೆಗೆದುಕೊಂಡರೆ ಇದು ಹೋಗುತ್ತದೆ. ನಮ್ಮಪ್ಪ 2021ರಲ್ಲಿ ಕೊರೋನಾದಲ್ಲಿ ತೀರಿಕೊಂಡರು. ತಮ್ಮನಿಗೆ ಬರಲಾಗಲಿಲ್ಲ, ಫೋನಿನಲ್ಲೇ ಮುಖ ನೋಡಿದ. ಪೌತಿ ಖಾತೆ ಮಾಡಿಸುವಾಗ, "ಅವನು ಇನ್ನು ಬರ್ತಾನಾ? ನಿನ್ನ ಹೆಸರಿಗೇ ಮಾಡಿಸ್ಕೋ" ಎಂದು ಹೇಳಿದವರಿದ್ದಾರೆ. ಅವನೂ "ನೀನೇ ಇಟ್ಕೋ ಅಣ್ಣ" ಅಂದ. ನಾನು ಒಪ್ಪಲಿಲ್ಲ. ಪಹಣಿಯಲ್ಲಿ ಇಬ್ಬರ ಹೆಸರೂ ಇದೆ. ಅವನು ಅಲ್ಲಿಯ ಪಾಸ್‌ಪೋರ್ಟ್ ಇನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಂಡರೂ ನನ್ನ ಬೇಜಾರಿಲ್ಲ. ಅವನ ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಿದ್ದಾರೆ, ಅವರ ದಾರಿ ಅವರದು.

ಎಲ್ಲರೂ ದೂರ ಹೋಗಲೇಬೇಕೆಂದೂ ಇಲ್ಲ. 1972ರಲ್ಲಿ ಜರ್ಮನಿಯಲ್ಲಿ ಐದು ಜನ ಇಂಜಿನಿಯರುಗಳು ಶುರು ಮಾಡಿದ ಸ್ಯಾಪ್ ಎಂಬ ಕಂಪನಿ 2025ರಲ್ಲಿ ನಮ್ಮ ದೇವನಹಳ್ಳಿಯಲ್ಲೇ ಸುಮಾರು 41 ಎಕರೆಯಲ್ಲಿ ದೊಡ್ಡ ಕಚೇರಿ ತೆರೆದಿದೆ. ಇಲ್ಲಿಯ ಹೊಲಗಳ ಪಕ್ಕದಲ್ಲೇ ಆ ಕೆಲಸ ಬಂದಿದೆ. ಆ ಗೇಟಿನಲ್ಲಿ ನಮ್ಮ ಮಕ್ಕಳು ಕಾವಲಿಗೆ ಮಾತ್ರ ನಿಲ್ಲಬಾರದು, ಒಳಗೆ ಹೋಗಿ ಕುರ್ಚಿಯಲ್ಲಿ ಕೂರಬೇಕು. ಅದಕ್ಕೆ ಹೈಸ್ಕೂಲಿನಿಂದಲೇ ಗಣಿತ, ಇಂಗ್ಲಿಷ್ ಗಟ್ಟಿ ಆಗಬೇಕು.

ಕೊನೆಯದಾಗಿ ಒಂದು ವಿನಂತಿ. ತಮ್ಮ ತಿಂಗಳಿಗೊಂದು ಭಾನುವಾರ ಫೋನಿನಲ್ಲಿ ನಮ್ಮ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಲು ಒಪ್ಪಿದ್ದಾನೆ. ಸಂಜೆ ಹಾಲು ಅಳೆದಾದ ಮೇಲೆ ಸಂಘದ ಕಟ್ಟಡದಲ್ಲಿ ಒಂದು ಗಂಟೆ ಜಾಗ ಕೊಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಹಾಗೆಯೇ ಮಕ್ಕಳನ್ನು ದೂರ ಕಳಿಸಿರುವ ಅಪ್ಪ ಅಮ್ಮಂದಿರು, ಅಣ್ಣಂದಿರು ಫೋನ್ ಮಾಡಿದಾಗ ದುಡ್ಡಿನ ಮಾತಿಗೆ ಮುಂಚೆ "ಕೆಲಸ ಹೇಗಿದೆ, ಏನಾದರೂ ತೊಂದರೆ ಇದೆಯಾ" ಎಂದು ಕೇಳಿ. ಅವರು "ಇಲ್ಲ, ಈಗ ಆಗಲ್ಲ" ಎಂದರೆ ಬೇಸರ ಮಾಡಿಕೊಳ್ಳಬೇಡಿ. ಆ ಮಾತು ಹೇಳುವ ಧೈರ್ಯವನ್ನು ಮನೆಯವರೇ ಅವರಿಗೆ ಕೊಡಬೇಕು.

ಸಂಘ ಇಪ್ಪತ್ತೈದು ವರ್ಷ ನಡೆದದ್ದು ಹಾಲಿನಲ್ಲಿ ನೀರು ಬೆರೆಸದವರಿಂದ. ಮಕ್ಕಳ ಜೊತೆಗಿನ ಮಾತಿನಲ್ಲೂ ಹಾಗೇ ಇರೋಣ.  

ಜೈ ಸಹಕಾರ, ಜೈ ಕರ್ನಾಟಕ.