ಈಸ್ಟ್ರೋಜನ್ ಯಾರಿಗೆ, ಯಾವಾಗ, ಯಾವ ಬಗೆಯಲ್ಲಿ



ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಈಸ್ಟ್ರೋಜನ್ ಕೊಡುವುದು ಸುರಕ್ಷಿತವೇ ಎಂಬ ಪ್ರಶ್ನೆಗೆ ಹೌದು ಎನ್ನುವವರಿಗೂ ಪುರಾವೆ ಸಿಗುತ್ತದೆ, ಇಲ್ಲ ಎನ್ನುವವರಿಗೂ ಸಿಗುತ್ತದೆ. ಪ್ರಶ್ನೆಯನ್ನೇ ನಾವು ಅರ್ಧ ಕೇಳುತ್ತಿರುವುದು ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಹೆಂಗಸಿನ ವಯಸ್ಸೆಷ್ಟು, ಮುಟ್ಟು ನಿಂತು ಎಷ್ಟು ವರ್ಷವಾಯಿತು, ಗರ್ಭಕೋಶ ಇದೆಯೋ ಇಲ್ಲವೋ, ಔಷಧ ಹೊಟ್ಟೆಗೆ ಹೋಗುತ್ತದೆಯೋ ಚರ್ಮದ ಮೂಲಕ ಸೇರುತ್ತದೆಯೋ ಎಂಬುದನ್ನೆಲ್ಲ ಬಿಟ್ಟು ಸುರಕ್ಷತೆಯ ಮಾತಾಡಲು ಬರುವುದಿಲ್ಲ. ಇವನ್ನು ವಿಚಾರಿಸದೆ ಚೀಟಿ ಬರೆಯುವುದು ತಪ್ಪು. ವಿಚಾರಿಸದೆ ‘ಅದೆಲ್ಲ ಬೇಡಮ್ಮ, ಕ್ಯಾನ್ಸರ್ ಬರುತ್ತೆ’ ಎಂದು ಕಳುಹಿಸಿಬಿಡುವುದೂ ಅಷ್ಟೇ ತಪ್ಪು. ಈ ಎರಡನೆಯ ತಪ್ಪಿನ ನಷ್ಟ ಹೆಚ್ಚಾಗಿ ಬೀಳುತ್ತಿರುವುದು ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಕಳೆದುಕೊಂಡ ಹೆಂಗಸರ ಮೇಲೆ.

ಭಯ ಎಲ್ಲಿಂದ ಬಂತೆಂದು ಮೊದಲು ನೋಡೋಣ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು 2002ರ ಜುಲೈನಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದರಲ್ಲಿದ್ದವರು 50ರಿಂದ 79 ವರ್ಷದ 16,608 ಹೆಂಗಸರು. ಸರಾಸರಿ ವಯಸ್ಸು 63. ಅಧ್ಯಯನ ಹೊರಟಿದ್ದು ಮೈ ಬಿಸಿಯೇರುವುದನ್ನು ಶಮನ ಮಾಡಲಿಕ್ಕಲ್ಲ, ಹೃದ್ರೋಗ ತಡೆಯಲು ಸಾಧ್ಯವೇ ಎಂದು ಪರೀಕ್ಷಿಸಲಿಕ್ಕೆ. ಕೊಟ್ಟಿದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಸೇರಿದ ಮಾತ್ರೆ. ಸ್ತನ ಕ್ಯಾನ್ಸರ್ ಶೇಕಡ 26ರಷ್ಟು ಹೆಚ್ಚಿತೆಂದು ಪತ್ರಿಕೆಗಳು ಬರೆದವು. ಅದೇ ಅಂಕಿಯನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು: ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಮಾತ್ರೆ ತಿನ್ನದವರಲ್ಲಿ 30 ಮಂದಿಗೆ, ತಿಂದವರಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಬಂತು. ಪಾರ್ಶ್ವವಾಯು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತಲಾ 8 ಹೆಚ್ಚಾದವು; ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು. ಎಂಟು ಹೆಂಗಸರ ಬದುಕು ಸಣ್ಣದಲ್ಲ. ಆದರೆ ರಾತ್ರಿಯೆಲ್ಲ ಬೆವರಿ ಎದ್ದು ಕೂರುವ 48ರ ಹೆಂಗಸಿಗೆ ಈ ಅಂಕಿಯನ್ನು ತಿಳಿಸಿ ಆಯ್ಕೆ ಮಾಡಲು ಬಿಡುವುದು ಬೇರೆ, ಅಂಕಿ ಮುಚ್ಚಿಟ್ಟು ಹೆದರಿಸುವುದು ಬೇರೆ. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಂದಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟ ಇನ್ನೊಂದು ಭಾಗವೂ ಇತ್ತು. ಅಲ್ಲಿ ಪಾರ್ಶ್ವವಾಯು ಹೆಚ್ಚಿತು, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಆ ಸುದ್ದಿ ಮೊದಲನೆಯದರಷ್ಟು ದೂರ ಹೋಗಲೇ ಇಲ್ಲ.

ಹಾಗಾದರೆ ಗರ್ಭಕೋಶ ಇರುವವರಿಗೂ ಈಸ್ಟ್ರೋಜನ್ ಒಂದನ್ನೇ ಕೊಟ್ಟರಾಗದೇ? ಆಗದು. ಬರೀ ಈಸ್ಟ್ರೋಜನ್ ಗರ್ಭಕೋಶದ ಒಳಪೊರೆಯನ್ನು ಬೆಳೆಸುತ್ತಲೇ ಹೋಗಿ ಅಲ್ಲಿ ಕ್ಯಾನ್ಸರ್ ತರಬಲ್ಲದು ಎಂಬುದು 1975ರಲ್ಲೇ ಗೊತ್ತಾಯಿತು. ಅದಕ್ಕೇ ಗರ್ಭಕೋಶ ಇರುವ ಪ್ರತಿಯೊಬ್ಬರಿಗೂ ಜೊತೆಯಲ್ಲಿ ಪ್ರೊಜೆಸ್ಟರಾನ್ ಬೇಕು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಜನನಾಂಗದ ಒಣಗುವಿಕೆ, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು ಇಷ್ಟೇ ತೊಂದರೆಯಾದರೆ ಅಲ್ಪ ಪ್ರಮಾಣದ ಯೋನಿ ಕ್ರೀಮು ಸಾಕು, ಅದು ರಕ್ತಕ್ಕೆ ಸೇರುವುದು ತೀರ ಕಡಿಮೆಯಾದ್ದರಿಂದ ಅದಕ್ಕೆ ಪ್ರೊಜೆಸ್ಟರಾನ್ ಜೋಡಿ ಬೇಕಿಲ್ಲ. ಇನ್ನು ಔಷಧ ದೇಹ ಸೇರುವ ದಾರಿ. ನುಂಗಿದ ಮಾತ್ರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ತೋಳಿಗೋ ತೊಡೆಗೋ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್ ಆ ದಾರಿ ಹಿಡಿಯುವುದಿಲ್ಲ. ಫ್ರಾನ್ಸಿನ ಎಸ್ತರ್ ಅಧ್ಯಯನದಲ್ಲಿ ಮಾತ್ರೆ ತಿಂದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿತ್ತು, ಚರ್ಮದ ಮೂಲಕ ಪಡೆದವರಲ್ಲಿ ಹೆಚ್ಚಿರಲಿಲ್ಲ. 2019ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೂ ಅದನ್ನೇ ಕಂಡಿತು. ದಪ್ಪ ಮೈಯವರಿಗೆ, ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಕಡೆಗಣಿಸುವ ವ್ಯತ್ಯಾಸವಲ್ಲ.

ನನ್ನ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪವನ್ನು ನಾನೇ ಇಲ್ಲಿ ಇಡಬೇಕು. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿತು. ಅದರ ಪ್ರಕಾರ, ಪಾಶ್ಚಾತ್ಯ ದೇಶಗಳಲ್ಲಿ 50ನೆಯ ವಯಸ್ಸಿಗೆ ಶುರುಮಾಡಿ ಐದು ವರ್ಷ ಎರಡೂ ಹಾರ್ಮೋನನ್ನು ದಿನವೂ ತೆಗೆದುಕೊಂಡರೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪ್ರತಿ 50 ಮಂದಿಯಲ್ಲಿ ಹೆಚ್ಚುವರಿಯಾಗಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜನ್ ಒಂದೇ ಆದರೆ 200ರಲ್ಲಿ ಒಬ್ಬರಿಗೆ. ಈ ಅಂಕಿಯನ್ನು ಮರೆಸುವ ಯಾವ ಉತ್ಸಾಹವೂ ನಮಗೆ ಬೇಡ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸುವುದಾಗಿ ಪ್ರಕಟಿಸಿದ ಮೇಲೆ ಇನ್ನೊಂದು ಅತಿರೇಕದ ಭಯ ನನಗಿದೆ. 1960ರ ದಶಕದಲ್ಲಿ ಇದನ್ನು ಚಿರಯೌವನದ ಮದ್ದೆಂದು ಮಾರಿದ ಕಾಲ ಮರಳಬಾರದು. ಸ್ತನ ಕ್ಯಾನ್ಸರ್ ಆದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ, ಹೃದಯಾಘಾತ, ಪಾರ್ಶ್ವವಾಯು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಆಗಿದ್ದವರಿಗೆ, ಯಕೃತ್ತಿನ ತೀವ್ರ ಕಾಯಿಲೆಯವರಿಗೆ ಇದು ಸಲ್ಲದು. ಹೃದ್ರೋಗ ಬಾರದಿರಲಿ, ಮರೆವು ಬಾರದಿರಲಿ ಎಂದು ಕೊಡುವ ಔಷಧವೂ ಇದಲ್ಲ. ಅರವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುವಾಗಿ, ತೊಂದರೆ ತಗ್ಗಿಸುವಷ್ಟೇ ಪ್ರಮಾಣದಲ್ಲಿದ್ದು, ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ಆಗುತ್ತಿದ್ದರೆ ಹೆಚ್ಚಿನ ಆರೋಗ್ಯವಂತ ಹೆಂಗಸರಲ್ಲಿ ಲಾಭದ ತೂಕ ಹೆಚ್ಚು ಎಂಬುದಷ್ಟೇ ಇಂದಿನ ತಿಳಿವಳಿಕೆ.

‘ನಮ್ಮ ಅಜ್ಜಿಯರು ಸಹಿಸಿಕೊಳ್ಳಲಿಲ್ಲವೇ’ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಸಹಿಸಿಕೊಂಡರು, ಯಾರೂ ಕೇಳಲಿಲ್ಲವಾದ್ದರಿಂದ. ‘ತಾಲ್ಲೂಕು ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಮ್ ಇಲ್ಲ, ಹೇಗೆ ಕೊಡುವುದು’ ಎಂಬ ಪ್ರಶ್ನೆ ಹಾಗಲ್ಲ, ಅದು ಪ್ರಾಮಾಣಿಕವಾದದ್ದು. ಆದರೆ ಅಪಾಯ ಇರುವವರನ್ನು ಬೇರ್ಪಡಿಸುವ ಬಹುಪಾಲು ಕೆಲಸ ವಿವರವಾಗಿ ಕೇಳುವುದರಲ್ಲಿ, ಬಿಪಿ ನೋಡುವುದರಲ್ಲಿ, ಕೈಯಿಂದ ಸ್ತನ ಪರೀಕ್ಷೆ ಮಾಡುವುದರಲ್ಲಿ ಆಗಿಹೋಗುತ್ತದೆ. ಮ್ಯಾಮೊಗ್ರಾಮ್ ಬೇಕಾದವರನ್ನು ಜಿಲ್ಲಾಸ್ಪತ್ರೆಗೆ ಕಳಿಸಬಹುದು. ಇದಕ್ಕೆಲ್ಲ ಬೇಕಾದದ್ದು ಒಬ್ಬ ಹೆಂಗಸಿಗೆ ಇಪ್ಪತ್ತು ನಿಮಿಷ.

ಈಗ ನಮ್ಮ ನಾಡಿನ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಪಶ್ಚಿಮದಲ್ಲಿ 51ರ ಸುಮಾರು. ಅದಕ್ಕಿಂತ ಕಳವಳದ ಸಂಗತಿ, ಮೂವತ್ತರ ಹರೆಯದಲ್ಲೇ ಗರ್ಭಚೀಲ ತೆಗೆಸಿಕೊಂಡವರು. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡವರಿಗೆ, ತಾಂಡಾಗಳ ಲಂಬಾಣಿ ಹೆಂಗಸರಿಗೆ ಅಗತ್ಯವಿಲ್ಲದೆ ಮಾಡಿದ ಶಸ್ತ್ರಚಿಕಿತ್ಸೆಗಳ ಪ್ರಕರಣಗಳು ಕಳೆದ ದಶಕದಲ್ಲಿ ಬೆಳಕಿಗೆ ಬಂದವು. ಇಂಥವನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಆದರೆ ಆಗಲೇ ಶಸ್ತ್ರಚಿಕಿತ್ಸೆ ಆಗಿಹೋದವರ ಗತಿಯೇನು? ಅಂಡಾಶಯವನ್ನೂ ತೆಗೆದಿದ್ದರೆ ಈಸ್ಟ್ರೋಜನ್ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಉಳಿಸಿದ್ದರೂ ಅದು ಬೇಗ ಸೋಲುವ ಸಾಧ್ಯತೆ ಹೆಚ್ಚು. 45ಕ್ಕೆ ಮುನ್ನ ಎರಡೂ ಅಂಡಾಶಯ ತೆಗೆಸಿಕೊಂಡು ಈಸ್ಟ್ರೋಜನ್ ಪಡೆಯದವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಮೇಯೊ ಕ್ಲಿನಿಕ್‌ನ ಸಂಶೋಧಕರು 2006ರಲ್ಲಿ ತೋರಿಸಿದರು. ಇಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂಬುದರಲ್ಲಿ ಮಾರ್ಗಸೂಚಿಗಳ ನಡುವೆ ಭಿನ್ನಮತವಿಲ್ಲ. 63 ವರ್ಷದವರ ಫಲಿತಾಂಶ ತೋರಿಸಿ 35 ವರ್ಷದವಳಿಗೆ ಚಿಕಿತ್ಸೆ ನಿರಾಕರಿಸುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಆಕೆ ಕಳೆದುಕೊಂಡದ್ದನ್ನು ತುಂಬಿಕೊಡುತ್ತಿದ್ದೇವೆಯೇ ಹೊರತು ಹೆಚ್ಚಿಗೆ ಏನನ್ನೂ ಕೊಡುತ್ತಿಲ್ಲ. ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಅವಳಿಗೆ ಪ್ರೊಜೆಸ್ಟರಾನ್ ಕೂಡ ಬೇಕಿಲ್ಲ.

ಆದರೆ ಅವಳ ಅಂಡಾಶಯ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ ‘ಟಿಎಎಚ್’ ಎಂದೋ ‘ಟಿಎಎಚ್ ಬಿಎಸ್ಒ’ ಎಂದೋ ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿರುತ್ತದೆ. ಕೊನೆಯ ಮೂರು ಅಕ್ಷರ ಇದ್ದರೆ ಎರಡೂ ಅಂಡಾಶಯ ಹೋಗಿವೆ. ಅವಳಿಗೆ ಗೊತ್ತಿರುವುದು ‘ಚೀಲ ತೆಗೆದಿದ್ದಾರೆ’ ಎಂದಷ್ಟೇ. ಈ ಸಂಕಿರಣದ ಮಧ್ಯಾಹ್ನದ ಗೋಷ್ಠಿಗಳ ಮುಂದೆ ನಾನಿಡುವ ಕೋರಿಕೆ ಇದು: ನಿಮ್ಮ ನಿಮ್ಮ ಆಸ್ಪತ್ರೆಗಳ ಡಿಸ್ಚಾರ್ಜ್ ಚೀಟಿಯಲ್ಲಿ ಅಂಡಾಶಯ ಉಳಿಸಿದೆಯೋ ತೆಗೆದಿದೆಯೋ, ತೆಗೆದಿದ್ದರೆ ಹಾರ್ಮೋನ್ ವಿಷಯಕ್ಕೆ ಯಾವಾಗ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆಯುವ ಒಂದು ಸಾಲಿನ ಕರಡನ್ನು ಸಂಜೆಯೊಳಗೆ ಸಿದ್ಧಪಡಿಸಿ, ಸೋಮವಾರದಿಂದಲೇ ಬಳಕೆಗೆ ತನ್ನಿ.