ಅರಬ್ಬಿ ನುಡಿಯೂ ವ್ಯಾಪಾರದ ಮರ್ಯಾದೆಯೂ

ಅಫಜಲಪುರ ತಾಲ್ಲೂಕಿನ ಅತನೂರಿನ ರೈತನೊಬ್ಬನು ಕಲಬುರಗಿಯ ಪೇಟೆಗೆ ತೊಗರಿಯನ್ನು ಹಾಕಿ ಬಂದು, "ಮಾಲಿಂದು ಹಿಸಾಬ ಆಗ್ಯಾದ; ದಲಾಲನ ಕಡಿಂದ ಬಾಕಿ ವಸೂಲ ಆಗಬೇಕು" ಎಂದು ಮನೆಯಲ್ಲಿ ಹೇಳಿದನೆಂದು ಭಾವಿಸೋಣ. ಮಾಲು, ಹಿಸಾಬು, ದಲಾಲ, ಬಾಕಿ, ವಸೂಲು: ಈ ಐದು ಮಾತುಗಳೂ ಮೂಲದಲ್ಲಿ ಅರಬ್ಬಿಯವು. ಆತನು ಅರಬ್ಬಿಯನ್ನು ಓದಿದವನಲ್ಲ. ಆದರೂ ವ್ಯವಹಾರದ ಮಾತು ಬಂದೊಡನೆ ಅವನ ನಾಲಗೆ ಅದನ್ನು ನುಡಿಯುತ್ತದೆ.

1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ಅದರ ರಾಜಧಾನಿಯಾಯಿತು. ಪಾರಸಿಯೂ ಮುಂದೆ ಉರ್ದುವೂ ಕಚೇರಿಯ ಭಾಷೆಗಳಾಗಿ, ಅವುಗಳ ಮೂಲಕ ಈ ಮಾತುಗಳು ನಮ್ಮ ಅಂಗಡಿಗೂ ಹೊಲಕ್ಕೂ ಬಂದವು. ಕರಾವಳಿಯಲ್ಲಿ ಈ ನಂಟು ಇನ್ನೂ ಹಳೆಯದು. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿ, ಏಡನ್ನಿನ ವರ್ತಕರೊಡನೆ ಅರಬ್ಬಿ ನುಡಿಯಲ್ಲಿ ಪತ್ರ ಬರೆಯುತ್ತಿದ್ದನು. ಲಿಪಿ ಮಾತ್ರ ಹೀಬ್ರೂ. ಏಡನ್ನಿನಲ್ಲಿ ವರ್ತಕರ ಪ್ರತಿನಿಧಿಗೆ 'ವಕೀಲ್' ಎಂದು ಹೆಸರು. ಆ ಮಾತೇ ಈಗ ನಮ್ಮ ನ್ಯಾಯಾಲಯದಲ್ಲಿ ಕರಿಯ ನಿಲುವಂಗಿ ತೊಟ್ಟು ನಿಂತಿದೆ.

ಇಷ್ಟು ಬಳಕೆಯಿದ್ದೂ ನಾವು ಆ ಭಾಷೆಗೆ ಅಪರಿಚಿತರೇ. ಕಾಲೇಜಿನಲ್ಲಿ ಇಂಗ್ಲಿಷು ಕಾವ್ಯವನ್ನು ಬೋಧಿಸುತ್ತ ಬಂದವರು ನಾವು. ಸೌದಿ ಅರೇಬಿಯಕ್ಕೆ ಹೊರಟಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕರಾರುಪತ್ರವನ್ನು ತಂದು, "ಸರ, ಇದರಾಗ ಏನದ?" ಎಂದು ಕೇಳಿದಾಗ, ಇಂಗ್ಲಿಷು ಭಾಗವನ್ನು ಓದಿ ಹೇಳಿ, ಅರಬ್ಬಿ ಭಾಗದೆದುರು ಮೌನವಾದೆವು. ನೆರೆಯ ಮೌಲ್ವಿಗಳು ಅದನ್ನು ಓದಿದರು. ಇಂಗ್ಲಿಷಿನಲ್ಲಿದ್ದ ಊಟದ ಭತ್ಯದ ಮಾತು ಅರಬ್ಬಿಯಲ್ಲಿ ಇರಲೇ ಇಲ್ಲ! ಸೌದಿ ಕಾರ್ಮಿಕ ಕಾಯಿದೆಯ 9ನೆಯ ವಿಧಿಯಂತೆ, ಎರಡು ಭಾಷೆಗಳಲ್ಲಿ ಬರೆದ ಕರಾರಿನಲ್ಲಿ ಅರಬ್ಬಿ ಪಾಠವೇ ಪ್ರಮಾಣ. ಅಂದು ನಮಗಾದ ನಾಚಿಕೆಯೇ ಈ ಭಾಷಣಕ್ಕೆ ಕಾರಣ.

ಅರಬ್ಬಿಯ ಅಕ್ಷರಗಳು 28. ಬರಹವು ಬಲದಿಂದ ಎಡಕ್ಕೆ, ಅಂಕಿಗಳು ಮಾತ್ರ ನಮ್ಮಂತೆ ಎಡದಿಂದ ಬಲಕ್ಕೆ. ಹೆಚ್ಚಿನ ಶಬ್ದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಹ-ಸ-ಲ ಎಂಬ ಒಂದೇ ಧಾತುವಿನಿಂದ ನಮ್ಮ 'ಮಹಸೂಲು' ಬಂದಿತು, 'ತಹಸೀಲು' ಬಂದಿತು. ಉಚ್ಚಾರಣೆಯಲ್ಲಿ ಎಚ್ಚರ ಬೇಕು. ಗಂಟಲಿನ ಆಳದ ಕಕಾರದಿಂದ 'ಕಲ್ಬ್' ಎಂದರೆ ಹೃದಯ. ನಮ್ಮ ಸಾಮಾನ್ಯ ಕಕಾರದಿಂದ ಅಂದರೆ ನಾಯಿ. ಪ್ರೀತಿಯ ಮಾತು ಬೈಗುಳವಾಗಲು ಇಷ್ಟೇ ಸಾಕು.

ಇನ್ನು ಮರ್ಯಾದೆ. 'ಅಸ್ಸಲಾಮು ಅಲೈಕುಮ್' ಎಂಬುದಕ್ಕೆ 'ವ ಅಲೈಕುಮುಸ್ಸಲಾಮ್' ಎಂದು ಮರುನುಡಿಯಬೇಕು. ಇಬ್ಬರೂ ಹಾರೈಸುವುದು ಶಾಂತಿಯನ್ನೇ. ಕುಳಿತೊಡನೆ ಬೆಲೆಯನ್ನು ಎತ್ತದೆ ಕ್ಷೇಮಸಮಾಚಾರವನ್ನು ಕೇಳುವುದು, ಕೊಟ್ಟ ಕಾಫಿಯನ್ನು ಬಲಗೈಯಿಂದ ಸ್ವೀಕರಿಸುವುದು, ಶುಕ್ರವಾರದ ಮಧ್ಯಾಹ್ನ ನಮಾಜಿನ ವೇಳೆಯಲ್ಲಿ ಭೇಟಿಯನ್ನು ಗೊತ್ತುಮಾಡದಿರುವುದು, ರಮಜಾನಿನಲ್ಲಿ ಉಪವಾಸವಿರುವವರೆದುರು ತಿನ್ನದಿರುವುದು ಸಜ್ಜನಿಕೆ. ಇವುಗಳಲ್ಲಿ ನಮಗೆ ಹೊಸದೆಷ್ಟು? ಮನೆಗೆ ಬಂದವರಿಗೆ ನೀರು ಕೊಟ್ಟ ಮೇಲೆಯೇ ಬಂದ ಕಾರ್ಯವನ್ನು ಕೇಳುವ ನಾಡು ನಮ್ಮದು.

ಆದರೆ ಒಂದು ತಪ್ಪು ತಿಳಿವಳಿಕೆಯುಂಟು: ಬರೆದುಕೊಡಿರೆಂದು ಕೇಳಿದರೆ ಎದುರಿನವರನ್ನು ನಂಬದಂತಾಗುತ್ತದೆಂದು ನಮ್ಮ ತರುಣರು ಸಂಕೋಚಪಡುತ್ತಾರೆ. ಖುರಾನಿನ ಅತಿ ದೀರ್ಘವಾದ ವಚನವು, ಅಂದರೆ 2ನೆಯ ಅಧ್ಯಾಯದ 282ನೆಯದು, ಅವಧಿಯಿಟ್ಟು ಮಾಡುವ ಸಾಲವನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಬರೆದಿಡಬೇಕೆಂದು ವಿಧಿಸುತ್ತದೆ. ಮೊತ್ತ ಚಿಕ್ಕದಾದರೂ ಬರೆಯಲು ಬೇಸರಿಸಬಾರದೆಂಬುದೂ ಅಲ್ಲಿಯೇ ಇದೆ. ತೂಕದಲ್ಲಿ ಮೋಸಮಾಡುವವರನ್ನು ಖಂಡಿಸಲು 83ನೆಯ ಅಧ್ಯಾಯವೇ ಮೊದಲಾಗುತ್ತದೆ. ಆದ್ದರಿಂದ ಸ್ಪಷ್ಟವಾದ ಬರಹವನ್ನು ವಿನಯದಿಂದ ಕೇಳುವುದು ಅಪನಂಬಿಕೆಯಲ್ಲ, ಆ ಸಂಸ್ಕೃತಿಯ ಮರ್ಯಾದೆಯೇ ಆಗಿದೆ. ನಮ್ಮ ವಿದ್ಯಾರ್ಥಿಯೂ ಹಾಗೆಯೇ ಕೇಳಿದನು. ಭತ್ಯದ ಮಾತು ಅರಬ್ಬಿಯಲ್ಲಿಯೂ ಸೇರಿತು. ಬಳಿಕ ಸಹಿ ಹಾಕಿದನು.

ಪಂಡಿತರಾಗುವಷ್ಟು ಅರಬ್ಬಿ ಎಲ್ಲರಿಗೂ ಬೇಕಿಲ್ಲ. ತನ್ನ ಹೆಸರು, ಸಂಬಳದ ಅಂಕಿ, ಅವಧಿಯ ತಾರೀಖು, ಇಷ್ಟನ್ನಾದರೂ ತಾನೇ ಗುರುತಿಸಬಲ್ಲ ತರುಣನು ಪರದೇಶದಲ್ಲಿ ಪೂರ್ತಿ ಕುರುಡನಲ್ಲ. ಅದನ್ನು ಕಲಿಸಬಲ್ಲ ಮೌಲ್ವಿಗಳು ನಮ್ಮ ನೆರೆಯಲ್ಲಿಯೇ ಇದ್ದಾರೆ. ಹೋಗಿ ಕೇಳುವ ಕೆಲಸ ಮಾತ್ರ ನಮ್ಮದು.