ಅಕ್ಕಡಿ ಸಾಲು ಉಳಿದರೆ ಅಡಿಗೆ ಮನೆ ಉಳಿದೀತು
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರ ಕಾರ್ಯದರ್ಶಿಗಳು ಓದಿದ್ದಾರೆ. ಸಾಲ, ಗೊಬ್ಬರ, ವಸೂಲಾತಿ ಎಲ್ಲ ಅದರಲ್ಲಿದೆ. ನಾವು ಅದರಲ್ಲಿಲ್ಲದ ಒಂದು ಬಾಬ್ತು ಮಾತಾಡೋಣ ಅಂತ ನಿಂತಿದ್ದೇವೆ. ನಮ್ಮ ಹೊಲದಲ್ಲಿ ಬೆಳೆದದ್ದು ನಮ್ಮ ಒಲೆ ಮೇಲೆ ಎಷ್ಟು ಬೇಯ್ತಾ ಇದೆ?

ಮೊದಲು ರಾಗಿ. ಐದು ಜನರ ಮನೇಲಿ ದಿನಕ್ಕೆ ಒಂದು ಹೊತ್ತು ತಲೆಗೊಂದು ಮುದ್ದೆ ಅಂದರೂ ಆರು ನೂರು ಗ್ರಾಂ ಹಿಟ್ಟು ಬೇಕು. ವರ್ಷಕ್ಕೆ ಎರಡು ಕ್ವಿಂಟಾಲ್ ದಾಟುತ್ತದೆ. ಕಣದಿಂದಲೇ ಎಲ್ಲವನ್ನೂ ತೂಕಕ್ಕೆ ಹಾಕಿ, ಬೇಸಿಗೆಗೆ ಅಂಗಡಿಯಿಂದ ಹಿಟ್ಟಿನ ಪೊಟ್ಟಣ ತರುವ ಮನೆಗಳು ನಮ್ಮಲ್ಲಿ ಇವೆ. 2025-26ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 4886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಗೂ ಒಳಗೆ. ಪೊಟ್ಟಣಕ್ಕೆ ಎಷ್ಟು ಕೊಡ್ತೀರಿ ಅಂತ ನಾವು ಹೇಳಬೇಕಾಗಿಲ್ಲ. ರಾಗಿಗೆ ಹುಳ ಬೀಳೋದು ಕಡಿಮೆ. ಹಿಂದಿನವರು ಹಗೇವಿಗೆ ತುಂಬಿ ವರ್ಷಗಟ್ಟಲೆ ಇಟ್ಟು ಉಣ್ಣುತ್ತಿದ್ದರು. ಈಗ ಹಗೇವು ಬೇಡ, ಎರಡು ಡ್ರಮ್ಮು ಸಾಕು.

ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದುಕೊಡ್ತಾರೆ, ನುಂಗ್ತೇವೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಅಕ್ಕಿ ಬೇಡ ಅಂತಲ್ಲ. ಹಬ್ಬಕ್ಕೆ, ನೆಂಟರಿಗೆ ಬೇಕೇ ಬೇಕು.

ಆದರೆ ಬರೀ ಹಿಟ್ಟು ತೊಳಸಿ ಮುದ್ದೆ ಕಟ್ಟಿದರೆ ಊಟ ಆಯಿತೇ? ನೆಂಚಿಕೊಳ್ಳೋಕೆ ಏನಾದರೂ ಬೇಕಲ್ಲ! ಅದು ಬರುತ್ತಿದ್ದದ್ದು ಅಕ್ಕಡಿ ಸಾಲಿನಿಂದ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ. ಸೊಗಡಿನ ಅವರೆಕಾಯಿ ಬಂದರೆ ಒಂದು ದಿನ ಕಾಳು ಸಾರು, ಇನ್ನೊಂದು ದಿನ ಹಿತಕಿದ ಬೇಳೆ. ಒಣಗಿದ ಕಾಳು ಮಳೆಗಾಲಕ್ಕೆ. ಹುಚ್ಚೆಳ್ಳು ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದರೆ ಚಟ್ನಿಪುಡಿ. ಕಳೆ ಕೀಳೋಕೆ ಹೋದ ಹೆಣ್ಣುಮಕ್ಕಳು ಸಂಜೆಗೆ ಮಡಿಲಲ್ಲಿ ಅಣ್ಣೆ, ಗಣಿಕೆ, ಕಿರಕಸಾಲೆ ಎಲ್ಲ ಸೇರಿಸಿ ಬೆರಕೆ ಸೊಪ್ಪು ತರುತ್ತಿದ್ದರು. ಅದನ್ನೇ ಕಾಳಿನ ಜೊತೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡಿಗೆ, ಕಾಸಿನ ಖರ್ಚಿಲ್ಲ.

ಈಗ ಕೂಲಿ ಸಿಗೋಲ್ಲ, ನಿಜ. ಅದಕ್ಕೆ ಅಗಲ ಎಲೆ ಕಳೆಗೆ ಔಷಧಿ ಹೊಡೀತೇವೆ. ಆ ಔಷಧಿಗೆ ಯಾವುದು ಕಳೆ, ಯಾವುದು ಅವರೆ ಅಂತ ಗೊತ್ತಾಗೋಲ್ಲ. ಸೊಪ್ಪೂ ಹೋಯಿತು, ಅಕ್ಕಡಿಯೂ ಹೋಯಿತು. ಅವರೆ ಬೇರಿನ ಗಂಟು ಭೂಮಿಗೆ ಕೊಡುತ್ತಿದ್ದ ಸಾರಜನಕವನ್ನೂ ಈಗ ನಮ್ಮ ಸಂಘದ ಗೋದಾಮಿನಿಂದಲೇ ಮೂಟೆಯಲ್ಲಿ ಒಯ್ಯಬೇಕು. ಸಂಘಕ್ಕೆ ವ್ಯಾಪಾರವೇ, ಆದರೂ ಹೇಳುತ್ತಿದ್ದೇವೆ!

ಎಲ್ಲ ಹೊಲವನ್ನೂ ಹಿಂದಿನಂತೆ ಮಾಡಿ ಅಂದರೆ ಯಾರೂ ಕೇಳೋಲ್ಲ. ಮನೆಗೆ ಹತ್ತಿರದ ಹತ್ತು ಗುಂಟೆ ಬಿಡಿ. ಅಲ್ಲಿ ಔಷಧಿ ಬೇಡ. ಆರೇಳು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಹಾಕಿ. ಅಲ್ಲಿ ಏನು ಹಾಕಬೇಕು ಅನ್ನೋದನ್ನು ಅಡಿಗೆ ಮಾಡೋರೇ ಹೇಳಲಿ, ಗಂಡಸರು ಬಾಯಿ ಹಾಕೋದು ಬೇಡ.

ಬೀಜದ್ದೇ ತೊಡಕು. ಸಂಘದಲ್ಲಿ ರಾಗಿ ಬೀಜ ಸಿಗುತ್ತೆ, ನಾಟಿ ಅವರೆ, ಹುಚ್ಚೆಳ್ಳು ಸಿಗೋಲ್ಲ. ಬೂದಿ ಬೆರೆಸಿ ಮಡಕೆಯಲ್ಲಿ ಬೀಜ ಇಟ್ಟಿರುವ ಅಜ್ಜಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಅಂಥವರಿಂದ ಸಂಘವೇ ಸೇರಿನ ಲೆಕ್ಕದಲ್ಲಿ ಬೀಜ ಕೊಂಡು, ಪಾವು ಪಾವಿನಂತೆ ಸದಸ್ಯರಿಗೆ ಕೊಡಬೇಕು, ಸುಗ್ಗಿಯಲ್ಲಿ ಬೀಜವಾಗಿಯೇ ವಾಪಸು ತಗೋಬೇಕು ಅಂತ ಮುಂದಿನ ಆಡಳಿತ ಮಂಡಳಿ ಸಭೆಗೆ ವಿಷಯ ಇಡುತ್ತಿದ್ದೇವೆ. ಬೀಜ ಇರುವವರು ಇವತ್ತೇ ಊಟಕ್ಕೆ ಹೋಗುವ ಮುಂಚೆ ಗುಮಾಸ್ತರ ಹತ್ತಿರ ಹೆಸರು ಬರೆಸಿ. ಪುನರ್ವಸು ಮಳೆಗೆ ಮೊದಲು ಹಂಚೋಣ.